ಗಾಳಿ ನುಸುಳದ ಬಾಣಂತಿ ಕೋಣೆ

ಕ್ಯಾಲಿಫೋರ್ನಿಯಾದಲ್ಲಿ ಚಳಿಯೇ ಇಲ್ಲ ಎನ್ನುವವರನ್ನು ಡಿಸೆಂಬರಿನಲ್ಲಿ ಸ್ಯಾನ್ ರಮೋನಿನ ನಮ್ಮ ಬಾಡಿಗೆ ಮನೆಯ ಹಿಂದಿನ ಬೆಡ್‌ರೂಮಿನಲ್ಲಿ ಒಂದು ರಾತ್ರಿ ಮಲಗಿಸಬೇಕು. ಹಿಮ ಬೀಳುವುದಿಲ್ಲ, ನಿಜ. ಆದರೆ ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ, ಕಾರಿನ ಗಾಜಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಇಲ್ಲಿ ಚಳಿಯೇ ಇಲ್ಲ ಎಂದು ನಂಬಿಕೊಂಡೇ ಮನೆ ಕಟ್ಟಿದ ಪುಣ್ಯಾತ್ಮರು ಕಿಟಕಿಗಳಿಗೆ ಒಂಟಿ ಗಾಜು ಹಾಕಿ, ತೆಳ್ಳನೆಯ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ ಹೋಗಿದ್ದರು. ಮನೆ ಹಿಡಿಯುವಾಗ ನನ್ನ ಗಂಡನಿಗೆ ಅದರ ಪರಿವೆಯೇ ಇರಲಿಲ್ಲ. ಅವನು ಮಂಗಳೂರಿನವನು. ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ತಿಂಗಳನ್ನು ಚಳಿಗಾಲ ಎಂದು ಕರೆದು ಬೆಳೆದವನು.

ಮಗಳು ಹುಟ್ಟಿದ್ದು ಆ ಮನೆಯಲ್ಲಿ ನಮ್ಮ ಎರಡನೆಯ ಚಳಿಗಾಲದಲ್ಲಿ. ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆಯೇ ಬಂದಳು, ಕೈಯಗಲದ ಕೂಸು. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಆಗಷ್ಟೇ ಬಂದಿಳಿದಿದ್ದಳು. ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದ ದಿನ ಅವಳು ಆರತಿ ಎತ್ತಿ ಮುಗಿಸಿದವಳೇ ನೇರ ಹಿಂದಿನ ಕೋಣೆಗೆ ಹೋಗಿ ಕಿಟಕಿಯ ಅಂಚಿನುದ್ದಕ್ಕೂ ಅಂಗೈ ಆಡಿಸಿದಳು.

"ಇದೇನೇ ಇದು? ಕಿಟಕಿನೋ ಜರಡಿನೋ?"

"ಹೀಟರ್ ಇದೆಯಲ್ಲಮ್ಮ."

"ಹೀಟರ್ ಹಾಕ್ಕೊಂಡು ಕಿಟಕೀಲಿ ಗಾಳಿ ಬಿಟ್ಕೊಳ್ಳೋದು ಯಾವ ಸೀಮೆ ಬುದ್ಧಿ? ಹಸಿ ಮೈ ನಿಂದು. ಆ ಕೂಸಂತೂ ಇನ್ನೂ ಹೊಟ್ಟೆ ಒಳಗಿರಬೇಕಾಗಿದ್ದು."

ಅಮ್ಮನಿಗೆ ಥಂಡಿಯ ಮೇಲೆ ಇರುವ ಸಿಟ್ಟಿಗೆ ಕಾರಣ ನಾನು. ನನಗೆ ಹುಟ್ಟಿದಾಗಿನಿಂದ ಉಬ್ಬಸ. ಅದು ವಂಶದಲ್ಲೇ ಇದೆ ಎಂದು ಎಷ್ಟು ಡಾಕ್ಟರು ಹೇಳಿದರೂ ಅವಳು ಒಪ್ಪಿಲ್ಲ. ಅವಳ ಪ್ರಕಾರ ನಾನು ಹುಟ್ಟಿದ ಕೋಣೆಯ ಕಿಟಕಿಯ ಗಾಜೊಂದು ಒಡೆದಿತ್ತು, ಹಾಕಿಸಿ ಹಾಕಿಸಿ ಎಂದು ಬಡಿದುಕೊಂಡರೂ ಯಾರೂ ಹಾಕಿಸಲಿಲ್ಲ, ಆ ಸಂದಿಯಿಂದ ಬಂದ ಥಂಡಿ ಗಾಳಿ ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಾನು ಇನ್‌ಹೇಲರ್ ಹಿಡಿದು ಉಸಿರು ಎಳೆದುಕೊಳ್ಳುವಾಗ ಅಮ್ಮ ಈಗಲೂ ಮುಖ ಬೇರೆ ಕಡೆ ತಿರುಗಿಸುತ್ತಾಳೆ. ಮೊಮ್ಮಗಳಿಗೆ ಹಾಗಾಗಕೂಡದು ಎಂಬುದೊಂದೇ ಹಟ ಹೊತ್ತು ಅವಳು ವಿಮಾನ ಹತ್ತಿ ಬಂದಿದ್ದಳು. ಮಿಕ್ಕಿದ್ದೆಲ್ಲ, ಸಾರಿನ ಪುಡಿ, ಬಾಣಂತಿ ಲೇಹ್ಯ, ಹಳೆಯ ಪಂಚೆ ಹರಿದು ಹೊಲಿದ ಬಟ್ಟೆಗಳು, ಆಮೇಲಿನವು.

ಹೀಗೆ ನಮ್ಮ ಮನೆಯಲ್ಲಿ ಕಿಟಕಿ ಬಾಗಿಲುಗಳ ಕೆಲಸ ಶುರುವಾಯಿತು. ಗಂಡ ಅಂಗಡಿಯಿಂದ ಅಂಟಿನ ಸ್ಪಂಜಿನ ಪಟ್ಟಿಯ ಸುರುಳಿಗಳನ್ನು ತಂದ. ಕಿಟಕಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ತಂದ. ಬಾಗಿಲಿನ ಕೆಳಗೆ ಹೊಡೆಯುವ ರಬ್ಬರಿನ ಪಟ್ಟಿಯನ್ನೂ ತಂದ. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆಂದು ಅವನು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರೆ, ಅಮ್ಮ ದೇವರ ಮುಂದಿನ ಊದುಬತ್ತಿಯೊಂದನ್ನು ಹಚ್ಚಿ ತಂದು ಕಿಟಕಿಯ ಅಂಚಿಗೆ ಹಿಡಿದಳು. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ಥಟ್ಟನೆ ಬಾಗಿತು.

"ಇಲ್ಲಿ ನೋಡಿ ಇವರೇ, ಕಳ್ಳ ಇಲ್ಲಿದ್ದಾನೆ."

"ಸಿಕ್ಕಿದ ಅಲ್ವಾ ಅತ್ತೆ! ಇವತ್ತು ಬಿಡುದಿಲ್ಲ ಅವನನ್ನು," ಎಂದು ನನ್ನ ಗಂಡ ಪಟ್ಟಿ ಕತ್ತರಿಸಿ ಅಂಟಿಸಿದ.

ಮದುವೆಯಾದಾಗಿನಿಂದ ಊಟ ಆಯಿತೇ, ಆಯಿತು, ಎಂಬುದರಾಚೆಗೆ ಮಾತು ಬೆಳೆಸದ ಅತ್ತೆ ಅಳಿಯ ಆ ದಿನಗಳಲ್ಲಿ ಜೋಡಿ ಪತ್ತೇದಾರರಾಗಿಬಿಟ್ಟರು. ಅವಳು ಊದುಬತ್ತಿ ಹಿಡಿದು ಮುಂದೆ, ಅವನು ಕತ್ತರಿ ಹಿಡಿದು ಹಿಂದೆ. ಕಿಟಕಿ ಮುಗಿದ ಮೇಲೆ ಬಾಗಿಲು, ಬಾಗಿಲು ಮುಗಿದ ಮೇಲೆ ಗೋಡೆಯ ಪ್ಲಗ್ ಪಾಯಿಂಟು. ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಅಂಟಿಸಿ ನನ್ನ ಹೇರ್ ಡ್ರೈಯರಿನಿಂದ ಬಿಸಿ ಗಾಳಿ ಬಿಟ್ಟಾಗ ಅದು ಸುಕ್ಕು ಬಿಚ್ಚಿ ಡೋಲಿನ ಚರ್ಮದಂತೆ ಬಿಗಿಯಾಯಿತು. ಅಮ್ಮ ಅದರ ಮೇಲೆ ಬೆರಳಿನಿಂದ ಟಕ್ ಎಂದು ಬಡಿದು ನಕ್ಕಳು. ನಾನು ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಎರಡು ಜೊತೆ ಸಾಕ್ಸು ಹಾಕಿಸಿಕೊಂಡು ಮಂಚದ ಮೇಲೆ ಬಿದ್ದುಕೊಂಡು ಇದನ್ನೆಲ್ಲ ನೋಡುತ್ತಿದ್ದೆ. ಹೊಲಿಗೆ ಎಳೆಯುತ್ತಿತ್ತು, ನಿದ್ದೆ ಇರಲಿಲ್ಲ, ಇವರ ಸಂಭ್ರಮ ಕಂಡು ಮೈ ಉರಿಯುತ್ತಿತ್ತು.

"ಉಪ್ಪಿನಕಾಯಿ ಜಾಡಿ ಮುಚ್ಚಿದ ಹಾಗೆ ಮುಚ್ಚಿಬಿಡಿ ನಮ್ಮಿಬ್ಬರನ್ನೂ," ಎಂದೆ ಒಂದು ದಿನ.

"ಬಾಣಂತಿ ಬಾಯಿ ಮುಚ್ಕೊಂಡು ಮಲಗಬೇಕು," ಎಂದಳು ಅಮ್ಮ. "ಈಗ ನೋಡು, ಸೂಜಿ ತೂರೋಕೂ ಜಾಗ ಇಲ್ಲ."

ಅವಳ ಹೆಮ್ಮೆಯಲ್ಲಿ ಸುಳ್ಳೇನೂ ಇರಲಿಲ್ಲ. ಕೋಣೆ ನಿಜವಾಗಿಯೂ ಬೆಚ್ಚಗಾಯಿತು. ಆದರೆ ಅವಳಿಗೆ ಹೀಟರಿನ ಗಾಳಿ ಆಗುತ್ತಿರಲಿಲ್ಲ. ಅದು ಒಣ ಗಾಳಿ, ಕೂಸಿನ ಮೂಗು ಒಣಗಿಸುತ್ತದೆ ಎಂದು ನೆಲದಲ್ಲಿದ್ದ ಅದರ ಜಾಲರಿಯ ಮೇಲೆ ರಟ್ಟು ಮುಚ್ಚಿ, ರಟ್ಟಿನ ಮೇಲೆ ಡೈಪರಿನ ಡಬ್ಬ ಇಟ್ಟಳು. ರಾತ್ರಿ ಬಾಗಿಲ ಬುಡಕ್ಕೆ, ರಬ್ಬರ್ ಪಟ್ಟಿ ಇದ್ದರೂ ಇರಲಿ ಎಂದು, ತನ್ನದೊಂದು ಹಳೆಯ ಸೀರೆಯನ್ನು ಮಡಿಸಿ ಒತ್ತುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ಇಲ್ಲಿ ನಮ್ಮವರ ಮನೆಗಳಲ್ಲಿ ಸೂರಿಗೆ ಅಂಟಿದ ಹೊಗೆಯ ಅಲಾರಾಂಗೂ ನಮ್ಮ ಒಗ್ಗರಣೆಗೂ ಹುಟ್ಟುವೈರ. ಒಣಮೆಣಸಿನಕಾಯಿ ಸಿಡಿದರೆ ಅದು ಕಿರುಚುತ್ತದೆ, ಹೋಮ ಮಾಡಿಸಿದರೆ ಪುರೋಹಿತರ ಮಂತ್ರವನ್ನೂ ಮೀರಿ ಕಿರುಚುತ್ತದೆ. ಕೆಲವರು ಅದಕ್ಕೆ ಹೋಟೆಲಿನಿಂದ ತಂದ ಶವರ್ ಕ್ಯಾಪು ತೊಡಿಸುತ್ತಾರೆ. ಮಗು ಬಂದ ಮೊದಲ ವಾರವೇ ಅಮ್ಮನ ಮೆಣಸಿನ ಸಾರಿನ ಒಗ್ಗರಣೆಗೆ ನಮ್ಮ ಅಲಾರಾಂ ಕೂಗಿ, ಕೂಸು ಬೆಚ್ಚಿ ಅತ್ತು ನೀಲಿಗಟ್ಟಿತು. ಗಂಡ ಸ್ಟೂಲು ಹತ್ತಿ ಅದನ್ನು ಕಳಚಿ, ಬ್ಯಾಟರಿ ತೆಗೆದು ಡ್ರಾಯರಿನೊಳಗೆ ಹಾಕಿದ. ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ. ಅದು ಹೊಗೆಯನ್ನಷ್ಟೇ ಕಾಯುವ ಯಂತ್ರ ಎಂದು ನಾವು ಮೂವರೂ ತಿಳಿದಿದ್ದೆವು.

ಸಾಂಬ್ರಾಣಿ ಹೊಗೆ ಇಲ್ಲದೆ ಎಣ್ಣೆನೀರು ಮುಗಿಯುವುದಿಲ್ಲವಲ್ಲ. ಬೇಸಗೆಯಲ್ಲಿ ಬಾರ್ಬೆಕ್ಯೂಗೆಂದು ತಂದ ಇದ್ದಿಲಿನ ಚೀಲ ಗರಾಜಿನಲ್ಲಿ ಅರ್ಧ ಉಳಿದಿತ್ತು. ಗಂಡ ಹಿತ್ತಲಿನಲ್ಲಿ ಕೆಂಡ ಮಾಡಿ ಕಬ್ಬಿಣದ ಬಾಣಲೆಯಲ್ಲಿ ತಂದುಕೊಡುತ್ತಿದ್ದ. ಅಮ್ಮ ಅದರ ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಮೊದಲು ಮಗುವನ್ನು ದೂರದಿಂದಲೇ ಹೊಗೆಗೆ ಆಡಿಸಿ, ಆಮೇಲೆ ಬಾಣಲೆಯ ಮೇಲೆ ಬುಟ್ಟಿ ಬೋರಲು ಹಾಕಿ ನನ್ನ ಒದ್ದೆ ಕೂದಲನ್ನು ಅದರ ಮೇಲೆ ಹರಡುತ್ತಿದ್ದಳು. ಬಾಗಿಲು ತೆರೆದೇ ಇರುತ್ತಿತ್ತು, ಮುಗಿದೊಡನೆ ಬಾಣಲೆ ಹಿತ್ತಲಿಗೆ ಹೋಗುತ್ತಿತ್ತು. ಎಷ್ಟೇ ಮುಖ ಸಿಂಡರಿಸಿದರೂ ಆ ಗಳಿಗೆ ನನಗೆ ಇಷ್ಟವಾಗುತ್ತಿತ್ತು. ಹೊತ್ತು ಹೊತ್ತಿಗೆ ಹಾಲು ಕೊಡುವ ಯಂತ್ರವಾಗಿದ್ದವಳು ಅಷ್ಟು ಹೊತ್ತು ಮತ್ತೆ ಒಬ್ಬಳ ಮಗಳಾಗುತ್ತಿದ್ದೆ.

ಆ ದಿನ ಬೆಳಿಗ್ಗೆ ಹಿತ್ತಲಿನ ಹುಲ್ಲು ಪೂರ್ತಿ ಬೆಳ್ಳಗಾಗಿತ್ತು. ಎಣ್ಣೆನೀರು ಮುಗಿಯಿತು, ಹೊಗೆ ಹಾಕಿದ್ದಾಯಿತು. ಮಗು ನಡುಗಿದಂತೆ ಅಮ್ಮನಿಗೆ ಕಂಡಿತು. ಬಾಣಲೆ ಎತ್ತಲು ಬಂದ ಗಂಡನನ್ನು ಅವಳು ತಡೆದಳು.

"ಇರಲಿ ಬಿಡಿ, ಸ್ವಲ್ಪ ಹೊತ್ತು ಬೆಚ್ಚಗಿರಲಿ. ನಮ್ಮಲ್ಲಿ ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡೋದು ಇದ್ದದ್ದೇ."

"ಹೊಗೆ ಆಗುದಿಲ್ವಾ ಅತ್ತೆ?"

"ಹೊಗೆ ಎಲ್ಲಿದೆ? ನೋಡಿ, ಬೂದಿ ಕಟ್ಟಿದೆ. ಬರೀ ಬಿಸಿ."

ಅವನು ಬಗ್ಗಿ ನೋಡಿದ. ನಾನೂ ನೋಡಿದೆ. ಬಾಣಲೆಯಲ್ಲಿ ಬೂದಿಯ ಕೆಳಗೆ ಕೆಂಡ ಸಣ್ಣಗೆ ಮಿನುಗುತ್ತಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಬೆಂಕಿ ಇಲ್ಲದೆ ಹೊಗೆಯಾಡದು ಎಂದು ಗಾದೆ ಕಲಿತವರು ನಾವು. ಹೊಗೆ ಇಲ್ಲದ ಬೆಂಕಿಗೆ ಹೆದರುವುದನ್ನು ಯಾರೂ ಕಲಿಸಿರಲಿಲ್ಲ. ಆಗ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ಗಂಡ ಗರಾಜಿಗೆ ಹೋಗಿ ತನ್ನ ಮೀಟಿಂಗಿಗೆ ಕೂತ. ಅಮ್ಮ ಬಾಣಲೆಯನ್ನು ನನ್ನ ಮಂಚದ ಪಕ್ಕ ನೆಲದ ಟೈಲಿನ ಮೇಲೆ ಸರಿಸಿ, ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೋದಳು.

ಬಿಸಿ ಹಿತವಾಗಿತ್ತು. ಹುಟ್ಟಿದಾಗಿನಿಂದ ಒಂದು ಗಂಟೆ ಬಿಡದೆ ಅಳುತ್ತಿದ್ದ ಮಗು ನನ್ನ ಪಕ್ಕದಲ್ಲಿ ಗಾಢವಾಗಿ ಮಲಗಿತ್ತು. ಮಧ್ಯೆ ಒಮ್ಮೆ ಅಮ್ಮ ಬಾಗಿಲು ಸರಿಸಿ ಇಣುಕಿ, "ನೋಡು, ಬೆಚ್ಚಗಿದ್ರೆ ಎಷ್ಟು ಚೆನ್ನಾಗಿ ಮಲಗುತ್ತೆ," ಎಂದು ಪಿಸುಗುಟ್ಟಿ ಮತ್ತೆ ಮುಚ್ಚಿಕೊಂಡು ಹೋದಳು. ನನಗೆ ತಲೆ ಸಿಡಿಯತೊಡಗಿತ್ತು. ನಿದ್ದೆಗೆಟ್ಟ ತಲೆನೋವೆಂದುಕೊಂಡೆ. ಹೊಟ್ಟೆ ತೊಳಸಿತು. ಲೇಹ್ಯ ಜಾಸ್ತಿಯಾಯಿತೆಂದುಕೊಂಡೆ. ಬಾಣಂತಿಗೆ ಪ್ರತಿಯೊಂದಕ್ಕೂ ಒಂದು ಕಾರಣ ಸಿಗುತ್ತದೆ.

ನನ್ನನ್ನು ಎಬ್ಬಿಸಿದ್ದು ಹಾಲು. ರವಿಕೆ ಪೂರ್ತಿ ಒದ್ದೆಯಾಗಿ ಹಾಸಿಗೆಗೆ ಇಳಿದಿತ್ತು. ಹಾಲಿನ ಹೊತ್ತು ಮೀರಿತ್ತು, ಮಗು ಎದ್ದಿರಲಿಲ್ಲ. ಕೆನ್ನೆ ತಟ್ಟಿದೆ. ಅಂಗಾಲು ಗೀರಿದೆ. ಎತ್ತಿದರೆ ಕುತ್ತಿಗೆ ಹಿಂದಕ್ಕೆ ಬಿತ್ತು, ಕೈ ಎರಡೂ ಜೋತವು. ಅಮ್ಮಾ ಎಂದು ಕೂಗಿದೆನೆಂದುಕೊಂಡೆ, ಧ್ವನಿ ಹೊರಡಲೇ ಇಲ್ಲ. ಕಾಲು ಕೆಳಗಿಟ್ಟರೆ ಮೊಣಕಾಲು ನಿಲ್ಲಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ನೆಲಕ್ಕೆ ಕುಸಿದೆ, ಬೀಳುವಾಗ ಸ್ಟೂಲಿನ ಮೇಲಿದ್ದ ನೀರಿನ ತಂಬಿಗೆ ಉರುಳಿ ಬಡಿಯಿತು. ಆ ಸದ್ದಿಗೆ ಅಮ್ಮ ಓಡಿ ಬಂದಳು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅಮ್ಮನ ಚೀತ್ಕಾರ. ಗಂಡ ಬಂದು ಬಾಣಲೆಯನ್ನು ನೋಡಿದ್ದು, ಅವನ ಮುಖ ಬಿಳುಚಿದ್ದು. ಅವನು ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕೈಯಿಂದ ಹರಿದದ್ದು, ಪಟ್ಟಿ ಅಂಟಿದ ಕಿಟಕಿ ಸರಿಯದೆ ಅದನ್ನು ಕಾಲಿನಿಂದ ಒದ್ದದ್ದು. ಆಮೇಲೆ ಮುಂದಿನ ಹುಲ್ಲಿನ ಮೇಲೆ ನಾನು ಬಿದ್ದಿದ್ದೆ, ಬೆನ್ನ ಕೆಳಗೆ ಹಿಮದಂಥ ಒದ್ದೆ. ಅವನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಮಗುವಿನ ಮೈಮೇಲಿನ ಬಟ್ಟೆ ಬಿಚ್ಚುತ್ತಿದ್ದ. ಅಮ್ಮ ತನ್ನ ಶಾಲು ತಂದು ಮಗುವಿನ ಮೇಲೆ ಹಾಕಲು ಹೋಗುತ್ತಿದ್ದಳು.

"ಥಂಡಿ ಕಣ್ರೀ, ಥಂಡಿ! ಒಳಗೆ ತಗೊಂಡ್ಹೋಗಿ, ಸತ್ತೇ ಹೋಗುತ್ತೆ ಮಗು!"

"ಅತ್ತೆ, ದೂರ ಹೋಗಿ! ಅದಕ್ಕೆ ಗಾಳಿ ಬೇಕು! ಗಾಳಿ!"

ನನ್ನ ಗಂಡ ಯಾರ ಮೇಲಾದರೂ ಹಾಗೆ ಕಿರುಚಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಅಮ್ಮ ಶಾಲು ಹಿಡಿದುಕೊಂಡೇ ಹಿಂದೆ ಸರಿದಳು. ಆಗ ಮಗು ಬೆಕ್ಕಿನ ಮರಿಯಂತೆ ಒಂದು ಸಲ ಕುಂಯ್ ಎಂದಿತು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಆಮ್ಲಜನಕ ಕೊಟ್ಟರು. ನನಗೆ ಎಚ್ಚರವಾಗದೆ ಹೋಗಿದ್ದರೆ, ಬಿದ್ದ ಸದ್ದು ಕೇಳದೆ ಹೋಗಿದ್ದರೆ, ಎಂದು ಡಾಕ್ಟರು ವಾಕ್ಯವನ್ನು ಅಷ್ಟಕ್ಕೇ ಬಿಟ್ಟರು. ಅಮ್ಮ ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಏನಾಯಿತೆಂದು ತಿಳಿಯಲು, ಮನೆಯಲ್ಲಿ ಮಕ್ಕಳಿಗೆ ಅಪಾಯವಿದೆಯೇ ಎಂದು ವಿಚಾರಿಸುವ ಸಮಾಜ ಕಾರ್ಯಕರ್ತೆಯೊಬ್ಬರು ಬಂದರು. ನಾನು ಅನುವಾದಿಸುತ್ತೇನೆಂದರೂ ಅವರು ಒಪ್ಪದೆ, ನಿಯಮದ ಪ್ರಕಾರ ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕರೆದರು. ಎಲ್ಲೋ ದೂರದ ರಾಜ್ಯದಿಂದ ಒಬ್ಬ ಗಂಡಸಿನ ಧ್ವನಿ, ರೇಡಿಯೋ ವಾರ್ತೆಯ ಕನ್ನಡದಲ್ಲಿ, "ಕೆಂಡವನ್ನು ಕೋಣೆಯೊಳಗೆ ಇರಿಸಿದವರು ಯಾರು?" ಎಂದು ಕೇಳಿತು.

ಆ ಹೊತ್ತಿನಲ್ಲೂ ಅಮ್ಮನ ಮುಖ ಕನ್ನಡ ಕೇಳಿ ಚೂರು ಅರಳಿತು. "ಯಾವೂರಪ್ಪ ನಿಂದು?" ಎಂದಳು. ಧ್ವನಿ ತಡವರಿಸಿ, ಅದನ್ನೂ ಇಂಗ್ಲಿಷಿಗೆ ಅನುವಾದಿಸಿತು. ಯಾರೂ ನಗಲಿಲ್ಲ.

"ನಾನೇ ಇಟ್ಟಿದ್ದು," ಎಂದಳು ಅಮ್ಮ.

"ಕೆಂಡ ಮಾಡಿ ಕೊಟ್ಟದ್ದು ನಾನು, ಅಲಾರಾಂ ತೆಗೆದದ್ದೂ ನಾನೇ," ಎಂದ ನನ್ನ ಗಂಡ. ನಾನು ಮೂಗಿಗೆ ಕೊಳವೆ ಇಟ್ಟಿದ್ದ ಮಗುವನ್ನು ನೋಡುತ್ತಿದ್ದೆ. ಅಮ್ಮನ ಕಡೆ ನೋಡಿದರೆ ಬಾಯಿಂದ ಏನು ಬರುತ್ತದೋ ಎಂದು ಭಯವಾಗಿತ್ತು.

"ಹೊಗೆ ಇರಲಿಲ್ವಲ್ಲಪ್ಪ," ಎಂದು ಅಮ್ಮ ಫೋನಿಗೆ ಹೇಳಿದಳು. "ಒಂಚೂರೂ ಹೊಗೆ ಇರಲಿಲ್ಲ."

ಅದು ಇಂಗ್ಲಿಷಾಗಿ ಹೋಗಿ, ಡಾಕ್ಟರ ಉತ್ತರ ಕನ್ನಡವಾಗಿ ಬಂತು. ಕೆಂಡದಿಂದ ಹೊರಡುವ ವಿಷದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಳಚಿಟ್ಟ ಆ ಅಲಾರಾಂ ಅದನ್ನೂ ಕಂಡುಹಿಡಿದು ಕೂಗುತ್ತಿತ್ತು, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಳ್ಳುತ್ತದೆ. ಅಮ್ಮ ತಲೆಯಾಡಿಸಿದಳು. ಮುಚ್ಚಿದ ಕೋಣೆ ಎಂಬ ಮಾತಿಗೆ ಅವಳ ಕೈ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನಾನು ಹುಟ್ಟಿದ ಮೈಸೂರಿನ ಆ ಹಳೆಯ ಮನೆಗೆ ಹೆಂಚಿನ ಸೂರಿತ್ತು, ಗೋಡೆಯ ಮೇಲ್ತುದಿಯಲ್ಲಿ ಗುಬ್ಬಿ ಬಂದು ಹೋಗುವಷ್ಟು ಸಂದಿತ್ತು. ಅವಳ ಅಜ್ಜಿಯ ಕೆಂಡಕ್ಕೂ ಅವಳ ತಾಯಿಯ ಕೆಂಡಕ್ಕೂ ಆ ಸಂದಿಗಳೇ ಕಾವಲಿದ್ದವು. ಒಡೆದ ಗಾಜು ಕೂಡ. ಇದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿನಲ್ಲಿ ಹೊಳೆದಿದ್ದರೂ ಅವಳಿಗೆ ಹೇಳುವಷ್ಟು ದೊಡ್ಡ ಮನಸ್ಸು ನನ್ನಲ್ಲಿರಲಿಲ್ಲ.

ಮಗು ಚೇತರಿಸಿಕೊಂಡಿತು. ಸದ್ಯಕ್ಕೆ ಎಲ್ಲ ಸರಿಯಿದೆ, ಬೆಳೆಯುತ್ತಾ ಗಮನಿಸುತ್ತಿರಬೇಕು ಎಂದರು. ಆ ಗಮನಿಸುತ್ತಿರಬೇಕು ಎಂಬ ಮಾತನ್ನು ಹೊತ್ತುಕೊಂಡು ನಾವು ಮನೆಗೆ ಬಂದೆವು. ಗಂಡ ಕೋಣೆಕೋಣೆಗೂ ಹೊಸ ಅಲಾರಾಂ ಹಾಕಿದ. ಅಂಟಿಸಿದ ಪಟ್ಟಿಗಳನ್ನು ಒಂದೊಂದಾಗಿ ಕಿತ್ತ. ಕಿಟಕಿಯ ಚೌಕಟ್ಟಿನ ಮೇಲೆ ಅಂಟಿನ ಕಪ್ಪು ಗೆರೆಗಳು ಉಳಿದುಕೊಂಡವು. ಅಮ್ಮ ಬಿಸಿನೀರಲ್ಲಿ ಅದ್ದಿದ ಬಟ್ಟೆ ತಂದು ಆ ಗೆರೆಗಳನ್ನು ದಿನವೂ ಉಜ್ಜುತ್ತಿದ್ದಳು, ಅವು ಹೋಗುತ್ತಿರಲಿಲ್ಲ.

ಅವಳು ಮಗುವನ್ನು ಮುಟ್ಟುವುದನ್ನು ಬಿಟ್ಟಳು. ಯಾರೂ ಮುಟ್ಟಬೇಡ ಎಂದಿರಲಿಲ್ಲ. ನಾನು ಮುಟ್ಟು ಎಂದೂ ಹೇಳಲಿಲ್ಲ. ಎಣ್ಣೆನೀರನ್ನು ನಾನೇ ಮಾಡಿಸಲು ಕಲಿತೆ, ಅವಳು ಬಾಗಿಲ ಹೊರಗೆ ನಿಂತು, "ಕಿವಿಗೆ ಕೈ ಅಡ್ಡ ಹಿಡಿ, ನೀರು ಹೋದೀತು," ಎನ್ನುತ್ತಿದ್ದಳು. ನಾನು ಸ್ನಾನಕ್ಕೆ ಹೋಗುವಾಗ ಮಗುವಿನ ತೊಟ್ಟಿಲನ್ನು ಬಚ್ಚಲಿಗೇ ಎಳೆದುಕೊಂಡು ಹೋಗುತ್ತಿದ್ದೆ. ಅದನ್ನು ಅವಳ ಕಣ್ಣೆದುರೇ ಎಳೆಯುತ್ತಿದ್ದೆ. ನನಗೆ ಸಿಟ್ಟಿತ್ತು. ಸುಮ್ಮನೆ ಅಲ್ಲ, ಬೆಳಿಗ್ಗೆ ಎದ್ದಾಗ ನನಗಿಂತ ಮುಂಚೆ ಎದ್ದು ಕೂತಿರುವಂಥ ಸಿಟ್ಟು. ಮಗು ಹೆಚ್ಚು ಹೊತ್ತು ಮಲಗಿದರೆ ಎಬ್ಬಿಸಿ ಅಳಿಸಿ ನೋಡುತ್ತಿದ್ದೆ, ಅತ್ತಾಗ ನಾನೂ ಅಳುತ್ತಿದ್ದೆ.

ಆ ಸಮಾಜ ಕಾರ್ಯಕರ್ತೆ ಒಂದು ದಿನ ಮನೆಗೆ ಬಂದರು. ಒಳ್ಳೆಯ ಹೆಂಗಸು. ಅಲಾರಾಂಗಳನ್ನು ಒತ್ತಿ ನೋಡಿದರು, ಕಿಟಕಿ ಸರಿಸಿ ನೋಡಿದರು, ಗರಾಜಿನಲ್ಲಿ ಇದ್ದಿಲಿನ ಚೀಲ ಇಲ್ಲದ್ದನ್ನು ನೋಡಿದರು. ಆಮೇಲೆ ಸೋಫಾದ ಮೇಲೆ ಕೂತು, ಇಂಗ್ಲಿಷಿನಲ್ಲಿ, ತೀರ ಸಹಜವಾಗಿ ಕೇಳಿದರು: ಮಗುವನ್ನು ಅಜ್ಜಿಯ ಜೊತೆ ಒಂಟಿಯಾಗಿ ಬಿಟ್ಟು ಹೋಗುತ್ತೀರಾ?

"ನೋ," ಎಂದೆ ನಾನು. ಸಾಲದೆಂಬಂತೆ, "ನೆವರ್," ಎಂದೆ.

ಅಮ್ಮ ಅವರಿಗೆ ಕಾಫಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇಂಗ್ಲಿಷ್ ಬಾರದವಳೆಂದು ನಾವೆಲ್ಲ ತಿಳಿದಿದ್ದವಳು. ಲೋಟ ತಂದು ತುಳುಕದಂತೆ ಅವರ ಮುಂದಿಟ್ಟು ಒಳಗೆ ಹೋದಳು. ಸಂಜೆ ಬೀನ್ಸ್ ಹೆಚ್ಚುತ್ತಾ, ತಲೆ ಎತ್ತದೆ ಕೇಳಿದಳು.

"ಆ ಮೇಡಂ ಕೇಳಿದ್ದು ನನ್ನ ವಿಷಯ ತಾನೆ?"

"ಹೂಂ."

"ಸರಿಯಾಗೇ ಹೇಳಿದೆ ಬಿಡು."

ಅವಳು ಜಗಳವಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ನಿನ್ನನ್ನು ಸಾಕಿ ಸಲಹಿದವಳಿಗೆ ಈ ಮಾತೇ ಎಂದು ಒಂದು ಸಲ ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಚಿಕ್ಕಂದಿನಿಂದ ನಾವಿಬ್ಬರೂ ಹಾಗೆಯೇ ಬಾಳಿದವರು.

ಒಂದು ಭಾನುವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಮಗುವನ್ನು ಕರೆದುಕೊಂಡು ಹೋದೆವು. ಕಾರಿನಲ್ಲಿ ಅಮ್ಮ ಮಗುವಿನ ಪಕ್ಕದ ಸೀಟು ಬಿಟ್ಟು ಮುಂದೆ ಕೂತಳು. ಅಲ್ಲಿ ಪರಿಚಯದವರೊಬ್ಬರು, "ಅಜ್ಜಿ, ಮೊಮ್ಮಗಳನ್ನ ಎತ್ಕೊಳ್ಳಿ, ಫೋಟೋ ತೆಗೀತೀನಿ," ಎಂದರು. ಅಮ್ಮ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, "ಮಣಿಕಟ್ಟು ನೋವಪ್ಪ," ಎಂದು ನಕ್ಕಳು. ಮನೆಗೆ ಬಂದು ಅದೇ ಮಣಿಕಟ್ಟಿನಲ್ಲಿ ಸೇರುಗಟ್ಟಲೆ ಚಪಾತಿ ಹಿಟ್ಟು ನಾದಿದಳು.

ಗಂಡ ಮತ್ತೆ ಆಫೀಸಿಗೆ ಹೋಗತೊಡಗಿದ. "ಅತ್ತೆ ಸೊರಗ್ತಾ ಇದ್ದಾರೆ ಮಾರಾಯ್ತಿ. ಮಗುವನ್ನು ಒಮ್ಮೆ ಅವರ ಮಡಿಲಿಗೆ ಹಾಕು," ಎಂದು ಹೊರಡುವಾಗ ಹೇಳಿದ.

"ಹಾಕ್ತೀನಿ," ಎಂದೆ. ಹಾಕಲಿಲ್ಲ. ಅವನು ಹೇಳಿದನೆಂಬ ಕಾರಣಕ್ಕೇ ಇನ್ನಷ್ಟು ದಿನ ಹಾಕಲಿಲ್ಲ.

ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಎಂದಿನಂತೆ ತೊಟ್ಟಿಲನ್ನು ಬಚ್ಚಲಿಗೆ ಎಳೆದೆ. ಮಗುವಿಗೆ ಆ ದಿನ ಏನಾಗಿತ್ತೋ, ಅಲ್ಲಿ ಮಲಗಲೊಲ್ಲದು. ನೀರು ಬಿಟ್ಟರೆ ಅಳು, ನಿಲ್ಲಿಸಿದರೆ ಅಳು. ತಲೆಯಿಂದ ಎಣ್ಣೆ ಕಣ್ಣಿಗಿಳಿಯುತ್ತಿತ್ತು. ಹಜಾರದಲ್ಲಿ ಅಮ್ಮ ಬಟ್ಟೆ ಮಡಿಸುತ್ತಾ ಕೂತಿದ್ದಳು, ಅಳು ಕೇಳಿ ಎದ್ದು ನಿಂತಿದ್ದಳು, ಹತ್ತಿರ ಬಂದಿರಲಿಲ್ಲ. ನಾನು ದಡದಡ ಹೋಗಿ ಮಗುವನ್ನು ಅವಳ ಕೈಗೆ ತುರುಕಿದೆ.

"ತಲೆ ತೊಳ್ಕೊಂಡು ಬರ್ತೀನಿ. ನೋಡ್ಕೋ."

"ಬೇಡ ಕಣೇ, ಅಳಿಯಂದಿರು ಬರಲಿ, ಆಮೇಲೆ ನೀನು..."

ಪೂರ್ತಿ ಕೇಳಿಸಿಕೊಳ್ಳದೆ ಬಚ್ಚಲ ಬಾಗಿಲು ಹಾಕಿಕೊಂಡೆ. ಹಾಕಿಕೊಂಡ ಮರುಗಳಿಗೆಯೇ ಎದೆ ಹೊಡೆದುಕೊಳ್ಳತೊಡಗಿತು. ನೀರಿನ ಸದ್ದಿನ ನಡುವೆ ಕಿವಿಗೊಟ್ಟೆ. ಅಳು ನಿಂತಿತ್ತು. ಯಾಕೆ ನಿಂತಿತು? ಅಜ್ಜಿಯ ಕೈಗೆ ಹೋದ ಮಕ್ಕಳ ಅಳು ನಿಲ್ಲುವುದು ಲೋಕದ ರೂಢಿ ಎಂದು ಬುದ್ಧಿಗೆ ಗೊತ್ತಿತ್ತು. ಬುದ್ಧಿಯ ಮಾತನ್ನು ಕೇಳುವವರು ಯಾರಿದ್ದರು? ಅರ್ಧ ನೊರೆ ತಲೆಯಲ್ಲೇ ಬಿಟ್ಟು, ಟವೆಲ್ ಸುತ್ತಿಕೊಂಡು, ಸಿಕ್ಕಿದ ನೈಟಿ ಹಾಕಿಕೊಂಡು ಹೊರಗೆ ಬಂದೆ.

ಹಜಾರದಲ್ಲಿ ಯಾರೂ ಇರಲಿಲ್ಲ. ಮಡಿಸುತ್ತಿದ್ದ ಬಟ್ಟೆ ಅರ್ಧಕ್ಕೇ ಬಿದ್ದಿತ್ತು. ಮನೆ ಐಸಿನಂತೆ ತಣ್ಣಗಿತ್ತು. ಹಿಂದಿನ ಕೋಣೆಗೆ ಓಡಿದೆ, ಖಾಲಿ. ಗಾಳಿ ಬರುತ್ತಿದ್ದ ಕಡೆಗೆ ತಿರುಗಿದರೆ ಮುಂಬಾಗಿಲು ಹಾರು ಹೊಡೆದಿತ್ತು.

ಅಮ್ಮ ಹೊಸ್ತಿಲಿನಾಚೆ, ಮೆಟ್ಟಿಲ ಮೇಲೆ, ಬೀದಿಗೆ ಮುಖ ಮಾಡಿ ನಿಂತಿದ್ದಳು. ತನ್ನ ಸ್ವೆಟರು, ಶಾಲು ಎರಡನ್ನೂ ಮಗುವಿಗೆ ಸುತ್ತಿ, ಮುಖ ಮಾತ್ರ ಹೊರಗೆ ಕಾಣುವಂತೆ ಹಿಡಿದಿದ್ದಳು. ಅವಳ ಮೈಮೇಲೆ ಬರೀ ಹತ್ತಿ ಸೀರೆ, ರವಿಕೆ. ತೋಳುಗಳು ಗಡಗಡ ನಡುಗುತ್ತಿದ್ದವು. ಬೀದಿಯ ಆಚೆ ಬದಿಯಲ್ಲಿ, ಎಲೆ ಗುಡಿಸುವ ಕುಂಟೆ ಹಿಡಿದ ಎದುರು ಮನೆಯ ಮುದುಕರು ನಿಂತಿದ್ದರು. ಗುಡಿಸುತ್ತಿರಲಿಲ್ಲ. ಅಮ್ಮನನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, ಎಲ್ಲ ಸರಿಯಿದೆಯೇ ಎಂಬಂತೆ ಕೈ ಎತ್ತಿದರು.

"ಅಮ್ಮ, ಏನು ಮಾಡ್ತಿದ್ದೀಯ ಇಲ್ಲಿ?"

"ಅವರನ್ನ ಕರೆದು ನಿಲ್ಲಿಸ್ಕೊಂಡೆ," ಎಂದಳು. ಚಳಿಗೆ ಮಾತು ತೊದಲುತ್ತಿತ್ತು. "ಮಗು ಜೊತೆ ನಾನು ಒಬ್ಬಳೇ ಇರಬಾರದು ಅಂತ ಆ ಮೇಡಂಗೆ ಹೇಳಿದ್ದೆಯಲ್ಲ. ನೀನು ಬರೋತನಕ ನೋಡ್ತಾ ಇರಿ ಅಂತ ಸನ್ನೆ ಮಾಡಿದೆ. ಪಾಪ, ಏನು ಅರ್ಥ ಆಯ್ತೋ, ನಿಂತಿದ್ದಾರೆ." ಮಗುವನ್ನು ನನ್ನ ಕಡೆಗೆ ಚಾಚಿದಳು. "ತಗೋ. ಉಸಿರಾಡ್ತಿದೆ, ನೋಡ್ಕೋ."

ತಾಯಿಯೊಬ್ಬಳಿಂದ ಮಗಳು ಕೇಳಬಾರದ ಮಾತು ಅದು, ಕೇಳುವಂತೆ ಮಾಡಿಕೊಂಡವಳು ನಾನು. ಶಾಲಿನ ನಡುವೆ ಮಗು ಕಣ್ಣು ಬಿಟ್ಟುಕೊಂಡು ಅಜ್ಜಿಯ ಗಲ್ಲವನ್ನೇ ನೋಡುತ್ತಿತ್ತು. ನಾನು ಕೈ ಚಾಚಲಿಲ್ಲ.

"ನೀನೇ ಎತ್ಕೊಂಡು ಒಳಗೆ ಬಾ," ಎಂದೆ. "ನೀನೇ ಇಟ್ಕೋ. ಇವತ್ತೆಲ್ಲ ನೀನೇ ಇಟ್ಕೋ ಅಮ್ಮ. ಬಾ, ಚಳಿ."

ಅಮ್ಮ ಮಗುವನ್ನು ಮತ್ತೆ ಎದೆಗೆ ಒತ್ತಿಕೊಂಡಳು. ಆದರೆ ಹೊಸ್ತಿಲು ದಾಟಲಿಲ್ಲ. ನನ್ನ ಹೆಗಲಿನಾಚೆಗೆ, ಮನೆಯ ಒಳಗೆ, ಒಂದೊಂದೇ ಕಿಟಕಿಯನ್ನು ಕಣ್ಣಲ್ಲೇ ನೋಡುತ್ತಾ ನಿಂತಳು.

"ಮೊದಲು ಕಿಟಕಿ ತೆಗಿ," ಎಂದಳು. "ಎಲ್ಲಾ ಕಿಟಕೀನೂ ತೆಗಿ. ಆಮೇಲೆ ಬರ್ತೀನಿ."